ಇಪ್ಪತ್ತೈದು ಡಿಗ್ರಿಯ ಕಾಂತಿ

ನಿರ್ಮಲಪ್ರಭೆ ಸೀರಮ್ಮಿಗೆ ನೂರಕ್ಕೆ ತೊಂಬತ್ತೊಂದು ಅಂಕ ಕೊಟ್ಟು ಸಹಿ ಹಾಕಿದವಳು ನಾನೇ. ಬೇರೆ ಯಾರ ತಲೆಗೂ ಕಟ್ಟುವುದಕ್ಕೆ ಬರುವುದಿಲ್ಲ. ವರದಿಯ ಕೊನೆಯಲ್ಲಿ ‘ನೇತ್ರಾವತಿ ಎಚ್.ಎಂ., ಹಿರಿಯ ಪರೀಕ್ಷಕಿ’ ಎಂದು ದುಂಡಗೆ ಬರೆದಿದೆ, ಕೆಳಗೆ ನನ್ನ ಸಹಿಯಿದೆ. ಸಹಿ ಹಾಕಿದ ದಿನ ಖುಷಿಯಾಗಿಯೇ ಹಾಕಿದ್ದೆ, ಅದನ್ನೂ ಹೇಳಿಬಿಡುತ್ತೇನೆ.

ನಮ್ಮ ಲ್ಯಾಬ್ ಇರುವುದು ಮೈಸೂರಿನ ಹೂಟಗಳ್ಳಿಯಲ್ಲಿ. ಮುಖಕ್ಕೆ ಹಚ್ಚುವ ಯಾವುದೇ ಪದಾರ್ಥದ ಮೇಲೆ ‘ಶುದ್ಧ’ ಎಂಬ ಪದ ಅಚ್ಚಾಗಬೇಕಾದರೆ ನಮ್ಮಂಥ ಲ್ಯಾಬಿನ ಸರ್ಟಿಫಿಕೇಟ್ ಬೇಕು. ಹಿಂದೆ ಈ ರಗಳೆ ಇರಲಿಲ್ಲವಂತೆ. ಬಾಟಲಿಯ ಮೇಲೆ ಒಂದು ಹಸಿರು ಎಲೆ ಬರೆದರೆ ಸಾಕಿತ್ತು, ಜನ ನಂಬುತ್ತಿದ್ದರು. ಆಮೇಲೆ ಯಾರು ಯಾರದೋ ಮುಖ ಸುಟ್ಟು, ಕೋರ್ಟಿಗೆ ಹೋಗಿ, ಕಾಯ್ದೆ ಬಂತು. ಕಾಯ್ದೆಯ ಹಿಂದೆಯೇ ಚರ್ಮಪಟವೂ ಬಂತು.

ಚರ್ಮಪಟ ಎಂದರೆ ಅಂಗೈಯಗಲದ ಪ್ಲಾಸ್ಟಿಕ್ ಚೌಕಟ್ಟು, ಅದರ ಮೇಲೆ ಜೀವಂತ ಮನುಷ್ಯಚರ್ಮ. ದಾನಿಯ ಕಿವಿಯ ಹಿಂದಿನಿಂದ ಅಕ್ಕಿಕಾಳಿನಷ್ಟು ತುಣುಕು ತೆಗೆದು, ನಸುಗೆಂಪು ದ್ರವದಲ್ಲಿ ಹದಿನೈದು ದಿನ ಇಟ್ಟರೆ ಅದು ಹರಡಿಕೊಳ್ಳುತ್ತದೆ. ಹಾಗೆ ಬೆಳೆದ ಚರ್ಮ ಒಣಗುತ್ತದೆ, ಕಪ್ಪಾಗುತ್ತದೆ, ಸುಕ್ಕುಗಟ್ಟುತ್ತದೆ, ನಮ್ಮ ನಿಮ್ಮ ಮುಖ ಏನೇನು ಮಾಡುತ್ತದೋ ಎಲ್ಲ ಮಾಡುತ್ತದೆ. ಅದನ್ನು ಬೀರುವಿನಂಥ ಯಂತ್ರದೊಳಗೆ ಇಟ್ಟರೆ ಒಂದು ದಿನಕ್ಕೆ ಒಂದು ತಿಂಗಳ ವಯಸ್ಸು ಏರುತ್ತದೆ. ಹನ್ನೆರಡು ದಿನದಲ್ಲಿ ಒಂದು ವರ್ಷದ ಸತ್ಯ ಗೊತ್ತಾಗುತ್ತದೆ ಎಂದು ಹೊಸಬರಿಗೆ ಪಾಠ ಹೇಳುವಾಗ ನಾನೇ ಜಂಬದಿಂದ ಹೇಳುತ್ತಿದ್ದೆ.

ನಿರ್ಮಲಪ್ರಭೆ ನನ್ನ ಟೇಬಲ್ಲಿಗೆ ಬಂದದ್ದು ಫೆಬ್ರವರಿಯಲ್ಲಿ. ವಿಟಮಿನ್ ಸಿ ಸೀರಮ್ಮು, ಐಸ್ ತುಂಬಿದ ಪೆಟ್ಟಿಗೆಯಲ್ಲಿ ಬಂತು. ಬಣ್ಣವಿಲ್ಲ, ವಾಸನೆಯಿಲ್ಲ, ನೀರಿನಂತೆ ತಿಳಿ. ಕಾಯ್ದೆಯ ನಿಷೇಧಪಟ್ಟಿಯಲ್ಲಿರುವ ಐವತ್ತನಾಲ್ಕು ರಾಸಾಯನಿಕಗಳಲ್ಲಿ ಒಂದೂ ಇಲ್ಲ. ಜೊತೆಗೆ ನೆಲ್ಲಿಕಾಯಿಯ ಸಾರ. ನಮ್ಮ ಹನ್ನೆರಡು ದಾನಿಗಳ ಚರ್ಮಪಟಗಳಿಗೂ ಹಚ್ಚಿ ಹನ್ನೆರಡು ದಿನ ಇಟ್ಟೆ. ಹನ್ನೆರಡೂ ಮಿರಮಿರ ಮಿಂಚಿದವು. ನಮ್ಮ ನಿರ್ದೇಶಕ ಡಾ. ವಿಶ್ವಾರಾಧ್ಯರು ಕನ್ನಡಕ ಹಣೆಗೇರಿಸಿ ನೋಡಿ, “ಪರವಾಗಿಲ್ಲ ಕಣಮ್ಮ, ಅಪರೂಪಕ್ಕೆ ಒಬ್ಬ ಮರ್ಯಾದಸ್ಥ ಬಂದಿದ್ದಾನೆ” ಎಂದರು.

ಪರೀಕ್ಷೆ ಮುಗಿದ ಮೇಲೆ ಉಳಿದ ಬಾಟಲಿಗಳನ್ನು ನಾಶಪಡಿಸಬೇಕು ಎಂದು ನಿಯಮವಿದೆ. ನಮ್ಮ ಲ್ಯಾಬಿನಲ್ಲಿ ನಾಶಪಡಿಸುವುದೆಂದರೆ ಹೆಂಗಸರ ಕೈಚೀಲಕ್ಕೆ ಹಾಕುವುದು. ಯಾರೂ ಕದ್ದು ಮಾಡುತ್ತಿರಲಿಲ್ಲ, ಶುಕ್ರವಾರ ಟೀ ಹೊತ್ತಿಗೆ ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟು ಹಂಚಿಕೊಳ್ಳುತ್ತಿದ್ದೆವು. ಫೇಲಾದದ್ದನ್ನು ಮುಟ್ಟುತ್ತಿರಲಿಲ್ಲ, ಪಾಸಾದದ್ದನ್ನು ಬಿಡುತ್ತಿರಲಿಲ್ಲ. ನಾನು ನಿರ್ಮಲಪ್ರಭೆಯ ಮೂರು ಬಾಟಲಿ ಎತ್ತಿಕೊಂಡೆ, ನನ್ನ ತಂಗಿ ಯಶೋದೆಗೆ.

*

ಯಶೋದ ನನಗಿಂತ ಏಳು ವರ್ಷ ಚಿಕ್ಕವಳು. ಸಯ್ಯಾಜಿರಾವ್ ರಸ್ತೆಯ ರೇಷ್ಮೆ ಸೀರೆ ಅಂಗಡಿಯೊಂದರಲ್ಲಿ ಮುಂದಿನ ಕೌಂಟರಿನವಳು. ಆ ಅಂಗಡಿಯಲ್ಲಿ ಸೀರೆ ತೋರಿಸುವ ಕ್ರಮವೇ ಬೇರೆ. ಗಿರಾಕಿಯ ಮೈಮೇಲೆ ಹಾಕುವುದಿಲ್ಲ, ಬೊಂಬೆಗೂ ಉಡಿಸುವುದಿಲ್ಲ. ಕೌಂಟರಿನವಳೇ ಮಡಿಕೆ ಬಿಚ್ಚಿ, ಸೆರಗನ್ನು ತನ್ನ ಹೆಗಲಿನ ಮೇಲೆಳೆದುಕೊಂಡು, ಕತ್ತು ಸ್ವಲ್ಪ ತಿರುಗಿಸಿ ನಿಲ್ಲಬೇಕು. ಗಿರಾಕಿ ಸೀರೆ ನೋಡುವಾಗ ಅವಳ ಮುಖವನ್ನೂ ನೋಡುತ್ತಾರೆ. ಹದಿನಾರು ವರ್ಷ ಯಶೋದ ಹಾಗೆ ನಿಂತಿದ್ದಾಳೆ. ಗಂಡ ಬಿಟ್ಟುಹೋದ ಮೇಲೆ ಮಗಳನ್ನು ನರ್ಸಿಂಗ್ ಓದಿಸುತ್ತಿರುವುದು ಆ ಹೆಗಲಿನ ಮೇಲೆಯೇ.

“ನಲವತ್ತೆರಡಾಯ್ತಲ್ಲ ಅಕ್ಕ. ಪಕ್ಕದ ಕೌಂಟರಿಗೆ ಹೊಸ ಹುಡುಗಿ ತಂದಿದ್ದಾರೆ, ಇಪ್ಪತ್ಮೂರು. ಸಾಹುಕಾರ್ರು ಒಂದ್ಸಲ ಅವಳ್ನ ನೋಡ್ತಾರೆ, ಒಂದ್ಸಲ ನನ್ನ ನೋಡ್ತಾರೆ” ಎಂದು ಅವಳು ಹೇಳಿಕೊಂಡಿದ್ದಳು. ಅದಕ್ಕೇ ನಾನು ಬಾಟಲಿ ಕೊಂಡೊಯ್ದದ್ದು.

“ಇದು ಅಂಗಡೀಲಿ ಸಿಗೋ ಬೂಟಾಟಿಕೆ ಅಲ್ಲ ಕಣೇ. ನಾನೇ ಪಾಸ್ ಮಾಡಿರೋದು. ಕಣ್ಣು ಮುಚ್ಕೊಂಡು ಹಚ್ಕೋ” ಎಂದೆ.

“ಅಯ್ಯೋ, ನೀನು ಪಾಸ್ ಮಾಡಿದ್ಮೇಲೆ ಮುಗೀತು ಬಿಡು” ಎಂದು ನಕ್ಕು ಅಲ್ಲೇ ಎರಡು ಹನಿ ಹಚ್ಚಿಕೊಂಡಳು. ಬಾಟಲಿಗಳನ್ನು ಬಚ್ಚಲುಮನೆಯ ಕಿಟಕಿಯ ಮೇಲೆ, ಸೋಪಿನ ಪಕ್ಕ ಇಟ್ಟಳು. ನಾನು ನೋಡಿದೆ. ನೋಡಿಯೂ ಏನೂ ಅನ್ನಿಸಲಿಲ್ಲ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವಳಿಗೆ ಅನ್ನಿಸಬೇಕಿತ್ತು.

ಅವಳ ಮನೆ ಕ್ಯಾತಮಾರನಹಳ್ಳಿಯಲ್ಲಿ, ಮೂರನೇ ಮಹಡಿಯ ಮೇಲೆ ಶೀಟು ಹಾಕಿದ ಎರಡು ಕೋಣೆ. ಮೈಸೂರು ತಂಪೂರು ಎಂಬ ಮಾತೆಲ್ಲ ಅಜ್ಜಿಯರ ಕಾಲಕ್ಕೇ ಮುಗಿಯಿತು, ಈಗ ಏಪ್ರಿಲ್ ಬಂತೆಂದರೆ ನಲವತ್ತೊಂದು ದಾಟುತ್ತದೆ. ಬೇಸಿಗೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಮನೆಗಳಿಗೆ ಕರೆಂಟಿಲ್ಲ. ಲ್ಯಾಬಿಗೆ ಮಾತ್ರ ಇರುತ್ತದೆ. ನಾವು ಸ್ವೆಟರ್ ಹಾಕಿಕೊಂಡು ಕೂರುತ್ತೇವೆ.

*

ಮೇ ತಿಂಗಳಲ್ಲಿ ಅವಳ ಫೋನು ಬಂತು. ಮಾತಿಲ್ಲ, ಬರೀ ಅಳು. ರಜೆ ಹಾಕಿ ಓಡಿದೆ. ಬಾಗಿಲು ತೆಗೆದ ಯಶೋದೆಯ ಎರಡೂ ಕೆನ್ನೆಗಳ ಮೇಲೆ, ಹಣೆಯ ಮೇಲೆ, ಕಂದು ಮಚ್ಚೆಗಳು. ಅಂಚಿನಲ್ಲಿ ಕೆಂಪು, ನಡುವೆ ಚರ್ಮ ಬಿರಿದಿದೆ. ಎಲ್ಲ ಬಿಟ್ಟು ನಾನು ಮೊದಲು ನೋಡಿದ್ದು ಬಚ್ಚಲಿನ ಕಿಟಕಿಯನ್ನು. ಮೂರನೇ ಬಾಟಲಿ ಅಲ್ಲಿತ್ತು. ಒಳಗಿನ ಸೀರಮ್ಮು ಕಡು ಟೀ ಡಿಕಾಕ್ಷನ್ನಿನಂತಿತ್ತು.

“ಇದು ಯಾವಾಗ ಹಿಂಗಾಯ್ತು?”

“ಮಾರ್ಚಲ್ಲೇ ಹಳದಿ ತಿರುಗ್ತು. ಆಮೇಲೆ ಕಪ್ಪಾಗ್ತಾ ಬಂತು.”

“ನೋಡ್ಕೊಂಡೂ ಹಚ್ಕೊಂಡ್ಯಲ್ಲೇ!”

“ಬಲಿತಿದೆ ಅನ್ಕೊಂಡೆ ಅಕ್ಕ. ಅಮ್ಮ ಹುಣಸೆಹಣ್ಣು ಜಾಡಿಯಲ್ಲಿ ಹಾಕಿ ವರ್ಷಗಟ್ಲೆ ಇಡ್ತಿರ್ಲಿಲ್ವ? ಕಪ್ಪಾದಷ್ಟೂ ಗುಣ ಅಂತ ಬಾಣಂತಿಗೆ ಅದನ್ನೇ ತೆಗೀತಿದ್ಳಲ್ಲ. ಇದೂ ಹುಳಿ ತಾನೇ? ಹಚ್ಚಿದ್ರೆ ಚುರುಗುಟ್ತಿತ್ತು, ಕೆಲ್ಸ ಮಾಡ್ತಿದೆ ಅನ್ಕೊಂಡು ದಿನಕ್ಕೆ ಎರಡು ಸಲ ಹಚ್ದೆ.”

ಅವಳು ಹೇಳಿದ್ದರಲ್ಲಿ ದಡ್ಡತನ ಏನಿದೆ? ನಮ್ಮನೆಯ ಅಡುಗೆಮನೆ ಕಲಿಸಿದ್ದೇ ಅದು. ಹಳೆಯ ಬೆಲ್ಲ, ಹಳೆಯ ಹುಣಸೆ, ಹಳೆಯ ಜೇನು, ಎಲ್ಲ ಕಪ್ಪಾದಷ್ಟೂ ಬೆಲೆ ಜಾಸ್ತಿ. ವಿಟಮಿನ್ ಸಿ ಕಪ್ಪಾದರೆ ಸತ್ತಿದೆ ಎಂದರ್ಥ ಎಂದು ಅವಳಿಗೆ ಹೇಳಬೇಕಾಗಿದ್ದವಳು ನಾನು.

“ಸಾಹುಕಾರ್ರು ಏನಂದ್ರು?”

“ಹಿಂದೆ ಗೋಡೌನಲ್ಲಿ ಮಡಚೋ ಕೆಲ್ಸಕ್ಕೆ ಹಾಕಿದ್ದಾರೆ, ಅರ್ಧ ಸಂಬಳ. ಶ್ರಾವಣದ ಸೀಸನ್ನಿಗೆ ಮುಖ ಸರಿಹೋದ್ರೆ ಮುಂದೆ ಬಾ ಅಂದ್ರು. ಇಲ್ದಿದ್ರೆ ಹೊಸ ಹುಡುಗಿಗೆ ಕೌಂಟರು.” ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳಲು ಹೋಗಿ ಉರಿಯಾಗಿ ಕೈ ತೆಗೆದಳು. “ಇವತ್ತು ಹಳೇ ಗಿರಾಕಿಯೊಬ್ರು ಗೋಡೌನ್ ಬಾಗ್ಲಲ್ಲಿ ನನ್ನ ನೋಡಿ ಆ ಕಡೆ ತಿರುಗ್ಕೊಂಡ್ರು ಕಣಕ್ಕ. ನನ್ನ ಮಗಳ ಮದ್ವೆಗೆ ನೀನೇ ಸೀರೆ ಆರಿಸ್ಬೇಕು ಅಂದಿದ್ರು ಅವ್ರು.”

ಚರ್ಮದ ಡಾಕ್ಟರು, ತಾನಾಗಿ ವಾಸಿಯಾಗಲು ವರ್ಷವಾದರೂ ಬೇಕು, ಬೇಗ ಬೇಕೆಂದರೆ ಬೆಂಗಳೂರಿಗೆ ಹೋಗಿ ಹೊಸ ಚರ್ಮ ಕೂರಿಸಿಕೊಳ್ಳಬೇಕು ಎಂದಿದ್ದರಂತೆ. ಅದಕ್ಕಾಗುವ ಖರ್ಚು ನಮ್ಮಿಬ್ಬರ ಕೈಗೂ ಎಟುಕುವಂಥದ್ದಲ್ಲ. ಶ್ರಾವಣಕ್ಕೆ ಉಳಿದದ್ದು ಮೂರು ತಿಂಗಳು.

*

ಯಶೋದೆಯ ಕಿವಿಯ ಹಿಂದಿನಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದದ್ದು ನಾನೇ. ಹದಿನೈದು ದಿನ ಬೆಳೆಸಿ, ನಾಲ್ಕು ಪಟ ಮಾಡಿಕೊಂಡೆ. ಮೂಲೆಯ ಹಳೆಯ ಯಂತ್ರದ ತಾಪವನ್ನು ಇಪ್ಪತ್ತೈದರಿಂದ ನಲವತ್ತನಾಲ್ಕಕ್ಕೆ ಏರಿಸಿದೆ. ಅಷ್ಟೇ ತಾಪದಲ್ಲಿ ಸೀರಮ್ಮನ್ನೂ ಇಟ್ಟು, ಮೂರು ಪಟಗಳಿಗೆ ಬೆಳಿಗ್ಗೆ ಸಂಜೆ ಹಚ್ಚಿದೆ. ನಾಲ್ಕನೆಯದಕ್ಕೆ ಐಸ್‌ಪೆಟ್ಟಿಗೆಯಿಂದ ತೆಗೆದ ಹೊಸ ಸೀರಮ್ಮು.

ನಾಲ್ಕನೇ ದಿನಕ್ಕೆ ಬಿಸಿ ಸೀರಮ್ಮು ಹಚ್ಚಿದ ಪಟಗಳ ಪೈಕಿ ಒಂದರ ಮೇಲೆ ಮೊದಲ ಮಚ್ಚೆ ಬಂತು. ಏಳನೇ ದಿನಕ್ಕೆ ಅದು ನನ್ನ ತಂಗಿಯ ಕೆನ್ನೆ. ಬೇರೆ ಯಾರೇ ಆಗಿದ್ದರೂ ಅದನ್ನು ಸ್ಯಾಂಪಲ್ ಎನ್ನುತ್ತಿದ್ದರು, ನನಗೆ ಮೈಕ್ರೋಸ್ಕೋಪಿನ ಕೆಳಗೆ ಇಡಲು ಕೈ ಬರಲಿಲ್ಲ. ಹೊಸ ಸೀರಮ್ಮು ಹಚ್ಚಿದ ಪಟ ಮಿಂಚುತ್ತಾ ಪಕ್ಕದಲ್ಲೇ ಕೂತಿತ್ತು.

ಕಾರಣ ಹುಡುಕಲು ಎರಡು ದಿನವೂ ಬೇಕಾಗಲಿಲ್ಲ. ನೆಲ್ಲಿಕಾಯಿಯ ಸಾರದ ಜೊತೆ ಕಬ್ಬಿಣದ ಅಂಶ ಎಳ್ಳಿನ ಮೊನೆಯಷ್ಟು ಬರುತ್ತದೆ. ಬಿಸಿ ತಗುಲಿದರೆ ಅಷ್ಟೇ ಸಾಕು, ವಿಟಮಿನ್ ಸಿ ಮುರಿಯುತ್ತಾ ಹೋಗುತ್ತದೆ, ಮುರಿಯುವಾಗ ಚರ್ಮ ಸುಡುವ ಕಣಗಳನ್ನು ಹುಟ್ಟಿಸುತ್ತದೆ. ಆ ಕಬ್ಬಿಣವನ್ನು ಹಿಡಿದು ಕಟ್ಟಿಹಾಕುವ ಒಂದು ರಾಸಾಯನಿಕವಿದೆ, ಇ.ಡಿ.ಟಿ.ಎ. ಅಂತ. ಹಿಂದಿನ ಅಗ್ಗದ ಕ್ರೀಮುಗಳಲ್ಲೆಲ್ಲ ಇರುತ್ತಿತ್ತು. ಹೆಸರು ಕೇಳಿದರೆ ಜನ ಹೆದರುತ್ತಾರೆಂದು ಅದನ್ನು ನಿಷೇಧಪಟ್ಟಿಗೆ ಹಾಕಿದರು. ನಾನು ಒಂದು ಚಿಟಿಕೆ ಬೆರೆಸಿ ಮತ್ತೆ ನಲವತ್ತನಾಲ್ಕರಲ್ಲಿ ಇಟ್ಟು ನೋಡಿದೆ. ಹತ್ತು ದಿನವಾದರೂ ಬಾಟಲಿ ತಿಳಿಯಾಗಿತ್ತು.

ಶುದ್ಧ ಎಂದು ನಾವು ಕೊಡುತ್ತಿದ್ದದ್ದು ಬಾಟಲಿಯಲ್ಲಿ ಏನೇನು ಇಲ್ಲ ಎಂಬುದಕ್ಕೆ ಸರ್ಟಿಫಿಕೇಟು. ಇರುವುದು ಬಿಸಿಲಿನಲ್ಲಿ ಏನಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ನಮ್ಮ ಹನ್ನೆರಡು ದಾನಿಗಳೂ ಎ.ಸಿ. ಕೋಣೆಯಲ್ಲಿ ಕೂತು ಕೆಲಸ ಮಾಡುವ ಹೆಂಗಸರು. ಯಂತ್ರವೂ ಅವರ ಕೋಣೆಯ ತಾಪಕ್ಕೇ ಕಟ್ಟಿದ್ದು.

ವಿಶ್ವಾರಾಧ್ಯರ ಮುಂದೆ ನಾಲ್ಕೂ ಪಟ ಇಟ್ಟೆ. ಅವರು ಬಹಳ ಹೊತ್ತು ನೋಡಿದರು.

“ಸರಿಯಾಗಿ ಮಾಡಿದೀಯಮ್ಮ. ತಪ್ಪು ಹುಡುಕೋಕೆ ನನ್ನ ಕೈಲೂ ಆಗಲ್ಲ” ಎಂದರು. “ಆದ್ರೆ ಈ ಬಾಟ್ಲಿ ನಿನ್ನ ತಂಗಿ ಮನೆಗೆ ಹೇಗೆ ಹೋಯ್ತು ಅಂತ ಬರೀಬೇಕಾಗುತ್ತೆ.”

“ಬರೀತೀನಿ ಸರ್.”

“ಕಾಯ್ದೆಯಲ್ಲಿ ತಾಪ ಇಪ್ಪತ್ತೈದು ಅಂತಿದೆ.”

“ಊರಲ್ಲಿ ನಲವತ್ತೊಂದಿದೆ ಸರ್!” ನನ್ನ ದನಿ ಏರಿತು. “ಕಾಯ್ದೆ ಓದ್ಕೊಂಡು ಬಿಸಿಲು ಕಮ್ಮಿ ಆಗುತ್ತಾ?”

ಅವರು ಕನ್ನಡಕ ಒರೆಸುತ್ತಾ ಕೂತರು. ಒಳ್ಳೆಯ ಮನುಷ್ಯರೇ. ವರದಿಯನ್ನು ಅವತ್ತೇ, ಸರ್ಟಿಫಿಕೇಟುಗಳ ಮೇಲುಸ್ತುವಾರಿ ನೋಡುವ ಸರ್ಕಾರಿ ಮಂಡಳಿಗೆ ಕಳಿಸಿಕೊಟ್ಟರು.

*

ವಿಚಾರಣೆ ಜೂನ್ ಕೊನೆಯಲ್ಲಿ, ನಮ್ಮ ಲ್ಯಾಬಿನ ಸಭಾಕೋಣೆಯಲ್ಲೇ ನಡೆಯಿತು. ಮಂಡಳಿಯ ಮೂವರು ಪರದೆಯ ಮೇಲೆ, ಕಂಪನಿಯ ವಕೀಲ ಎದುರಿನ ಕುರ್ಚಿಯಲ್ಲಿ. ಯಶೋದ ತನ್ನ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು, ಮುಖಕ್ಕೆ ದುಪಟ್ಟಾ ಸುತ್ತಿಕೊಂಡು. ತೆಗೆಯಿರಿ ಎಂದರು, ತೆಗೆದಳು. ಪರದೆಯ ಮೇಲಿನ ಒಬ್ಬಾಕೆ ತಲೆ ತಗ್ಗಿಸಿ ಕಾಗದ ನೋಡತೊಡಗಿದರು.

ವಕೀಲ ಬಲು ಮೆತ್ತಗೆ ಕೇಳಿದ. “ಅಮ್ಮಾ, ಬಾಟಲಿಯ ಬಣ್ಣ ಬದಲಾದದ್ದು ನಿಮ್ಮ ಗಮನಕ್ಕೆ ಬಂದಿತ್ತೇ?”

“ಬಂದಿತ್ತು ಸಾರ್.”

“ಆದರೂ ಹಚ್ಚಿಕೊಂಡಿರಿ. ಯಾಕೆ?”

ಯಶೋದ ನನ್ನ ಕಡೆ ತಿರುಗಿದಳು. ಹೇಳಬೇಡ ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. “ಹಳೇ ಹುಣಸೆಹಣ್ಣಿನ ಥರ ಬಲಿತಿದೆ ಅನ್ಕೊಂಡೆ” ಎಂದಳು.

ಪರದೆಯ ಮೇಲೆ ಯಾರೋ ನಕ್ಕರು. ತಕ್ಷಣ ಮೈಕು ಬಂದಾಯಿತು, ಆದರೆ ನಗುವುದು ಕಾಣುತ್ತಲೇ ಇತ್ತು. ನನಗೆ ಆ ಪರದೆಗೆ ಚಪ್ಪಲಿ ತೂರಬೇಕೆನ್ನಿಸಿತು. ಯಶೋದ ಮಾತ್ರ, ತಾನೇನು ತಪ್ಪು ಹೇಳಿದೆ ಎಂದು ತಿಳಿಯದೆ, ಅವರ ಜೊತೆ ತಾನೂ ಸ್ವಲ್ಪ ನಗಲು ನೋಡಿದಳು.

ವಿರಾಮದಲ್ಲಿ ವಕೀಲ ನನ್ನನ್ನು ಕಾರಿಡಾರಿಗೆ ಕರೆದ. “ಮೇಡಂ, ನಿಮ್ಮ ಪ್ರಯೋಗ ಸುಳ್ಳು ಅಂತ ನಾವು ಹೇಳ್ತಿಲ್ಲ. ನಿಯಮದ ಹೊರಗೆ ಮಾಡಿದ್ದು, ಅದರಿಂದ ಏನೂ ತೀರ್ಮಾನಿಸಲಾಗದು ಅಂತ ಎರಡು ಸಾಲು ಬರೆದುಕೊಟ್ರೆ ಸಾಕು. ನಿಮ್ಮ ತಂಗೀದು ಬೆಂಗಳೂರಿನ ಚಿಕಿತ್ಸೆ ಪೂರ್ತಿ ನಮ್ಮದು. ಮಾನವೀಯತೆಯಿಂದ. ಶ್ರಾವಣದ ಹೊತ್ತಿಗೆ ಮುಖ ಮೊದಲಿನ ಹಾಗೇ ಆಗುತ್ತೆ.”

“ಬಾಟ್ಲಿ?”

“ಲೇಬಲ್ಲಿನ ಮೇಲೆ, ಇಪ್ಪತ್ತೈದು ಡಿಗ್ರಿಯೊಳಗೆ ಇಡಿ ಅಂತ ಒಂದು ಸಾಲು ಸೇರಿಸ್ತೀವಿ. ಎಲ್ಲರಿಗೂ ಒಳ್ಳೇದಲ್ವ?”

ಯಶೋದ ಅಂಗಳದ ಬೇವಿನ ನೆರಳಲ್ಲಿ ಕೂತಿದ್ದಳು. ಹೋಗಿ ಎಲ್ಲವನ್ನೂ ಹೇಳಿದೆ. ಅವನ ಮುಖಕ್ಕೆ ಉಗಿದು ಬಾ ಎನ್ನುತ್ತಾಳೆ ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ರೋಷ ಅವಳಿಗೇ ಜಾಸ್ತಿ.

“ಬರ್ದುಕೊಡಕ್ಕ” ಎಂದಳು.

“ಯಶೂ, ಇದು ಸುಮಾರು ಹೆಂಗಸ್ರ ಮುಖದ ಪ್ರಶ್ನೆ ಕಣೇ. ನಾನು ವಾಪಸ್ ತಗೊಂಡ್ರೆ ಇನ್ಯಾರೂ ಕೇಳಲ್ಲ.”

“ಅವರೆಲ್ಲ ನನ್ನ ನೋಡಿ ಆ ಕಡೆ ತಿರುಗ್ಕೊಂಡವ್ರೇ ತಾನೇ?” ಅವಳ ದನಿ ಒಡೆಯಿತು. “ಒಳಗೆ ನಕ್ರಲ್ಲ, ನೀನು ಏನು ಮಾಡ್ದೆ? ನಿನ್ನ ಸತ್ಯ ನೀನೇ ಇಟ್ಕೋ. ನನ್ನ ಮುಖ ನಂಗೆ ವಾಪಸ್ ಕೊಡು. ನೀನೇ ತಾನೇ ತಂದುಕೊಟ್ಟಿದ್ದು?”

ಒಳಗೆ ಹೋಗಿ ಎರಡು ಸಾಲು ಬರೆದೆ. ಸಹಿ ಹಾಕುವಾಗ ವಿಶ್ವಾರಾಧ್ಯರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು.

ಆಗಸ್ಟಿನಲ್ಲಿ ಹೊಸ ಲೇಬಲ್ಲಿನ ನಿರ್ಮಲಪ್ರಭೆ ಮರುಪರೀಕ್ಷೆಗೆ ನನ್ನ ಟೇಬಲ್ಲಿಗೇ ಬಂತು. ಬಳಕೆದಾರರಿಗೆ ಮಾಹಿತಿ ಕೊಟ್ಟದ್ದಕ್ಕೆ ಎರಡು ಅಂಕ ಹೆಚ್ಚು. ತೊಂಬತ್ಮೂರು ಕೊಟ್ಟೆ.

*

ವರಮಹಾಲಕ್ಷ್ಮಿ ಹಬ್ಬಕ್ಕೆ ನಾಲ್ಕು ದಿನವಿರುವಾಗ ಯಶೋದೆಯ ಅಂಗಡಿಗೆ ಹೋದೆ. ಅವಳು ಮುಂದಿನ ಕೌಂಟರಿನಲ್ಲಿ ನಿಂತಿದ್ದಳು. ಬೆಂಗಳೂರಿನವರು ಕೆಲಸ ಚೆನ್ನಾಗಿ ಮಾಡಿದ್ದರು, ಅದರಲ್ಲಿ ಎರಡು ಮಾತಿಲ್ಲ. ಮಾವಿನೆಲೆ ಬಣ್ಣದ ಸೆರಗು ಹೆಗಲಿನ ಮೇಲೆ ಹಾಕಿಕೊಂಡು ಅವಳು ಕತ್ತು ತಿರುಗಿಸಿದಾಗ ಅಂಗಡಿಯ ಅರ್ಧ ಜನ ನೋಡುತ್ತಿದ್ದರು. ನನಗೂ ಕಣ್ಣು ತುಂಬಿತು.

ಹಬ್ಬದ ಕೊಡುಗೆಯೆಂದು ಪ್ರತಿ ರೇಷ್ಮೆ ಸೀರೆಯ ಜೊತೆ ಒಂದು ನಿರ್ಮಲಪ್ರಭೆ ಉಚಿತ ಎಂದು ಅಂಗಡಿಯವರು ಹಲಗೆ ಹಾಕಿದ್ದರು. ಚೀಲಕ್ಕೆ ಬಾಟಲಿ ಹಾಕಿಕೊಡಬೇಕಾದವಳು ಕೌಂಟರಿನವಳು. ಯಶೋದ ಒಬ್ಬೊಬ್ಬರಿಗೂ ಹೇಳುತ್ತಿದ್ದಳು, “ಫ್ರಿಜ್ಜಲ್ಲಿಡಿ ಮೇಡಂ, ಮರೀಬೇಡಿ.” ಅವರು ಹೂಂ ಎಂದು ಹೋಗುತ್ತಿದ್ದರು. ಸಾಹುಕಾರರು ಗಲ್ಲಾದ ಹಿಂದೆ ಕೂತು ಅವಳನ್ನೇ ನೋಡಿ ತಲೆಯಾಡಿಸುತ್ತಿದ್ದರು.

ಆಮೇಲೆ ಒಬ್ಬ ಹೆಂಗಸು ಬಂದಳು. ನಂಜನಗೂಡಿನ ಕಡೆಯ ಇಟ್ಟಿಗೆಗೂಡಿನಲ್ಲಿ ಕೆಲಸವಂತೆ, ಮಗಳಿಗೆ ಧಾರೆ ಸೀರೆ ಬೇಕಂತೆ. ಅಂಗಡಿಯಲ್ಲಿದ್ದ ಅತಿ ಅಗ್ಗದ ರೇಷ್ಮೆ ಸೀರೆಯನ್ನು ನಾಲ್ಕು ಸಲ ಮುಟ್ಟಿ ನೋಡಿ ಆರಿಸಿದಳು. ಬಾಟಲಿ ನೋಡಿ ಅವಳ ಮುಖ ಅರಳಿತು.

“ಇದು ಬಿಟ್ಟಿನಾ ಅವ್ವ? ನಮ್ಮ ಮಗೀಗ್ ಕೊಡ್ತೀನಿ, ಮದ್ವೆ ಹೆಣ್ಣು. ನಿನ್ನಂಗೆ ಆಯ್ತದಾ ಮೊಖ?”

“ಫ್ರಿಜ್ಜಲ್ಲಿಡಬೇಕು” ಎಂದಳು ಯಶೋದ.

“ಫ್ರಿಜ್ಜೆಲ್ಲಿ ತರಾನವ್ವ ನಾವು? ತಗಡಿನ ಮನೆ.”

ಯಶೋದೆಯ ಕೈ ಬಾಟಲಿಯ ಮೇಲೆ ನಿಂತಿತು. ಅವಳು ಗಲ್ಲಾದ ಕಡೆ ನೋಡಿದಳು, ಆಮೇಲೆ ನನ್ನ ಕಡೆ ನೋಡಿದಳು. ನಾನು ಒಂದು ಮಾತು ಹೇಳಬಹುದಿತ್ತು. ಅಮ್ಮಾ, ಅದನ್ನು ಅಲ್ಲೇ ಬಿಟ್ಟು ಹೋಗಿ ಅಂದರೆ ಸಾಕಿತ್ತು. ಅಂದಿದ್ದರೆ ಆ ಸಂಜೆಯೇ ನನ್ನ ತಂಗಿ ಮತ್ತೆ ಗೋಡೌನಿಗೆ ಹೋಗುತ್ತಿದ್ದಳು. ನಾನು ಪಕ್ಕದಲ್ಲಿ ನೇತುಹಾಕಿದ್ದ ಸೀರೆಯೊಂದರ ಅಂಚು ಹಿಡಿದು ನೋಡತೊಡಗಿದೆ.

“ಎಲ್ಲಾದ್ರೂ ನೆರಳಲ್ಲಿಡಿ” ಎಂದು ಯಶೋದ ಬಾಟಲಿಯನ್ನು ಸೀರೆಯ ಮಡಿಕೆಯ ನಡುವೆ ಸೇರಿಸಿ, ಚೀಲವನ್ನು ಎರಡೂ ಕೈಯಿಂದ ಆ ಹೆಂಗಸಿಗೆ ಕೊಟ್ಟಳು.